ಮುಳುಗಡೆಯಾದ ಮನೆಗೆ ಹೊರಟು ನಿಲ್ಲುವ ಅವ್ವ

ಬಾಗಲಕೋಟೆಯ ನವನಗರದಲ್ಲಿ ನಾನು ವಯಸ್ಸಾದವರನ್ನು ಅವರ ಮನೆಯಲ್ಲೇ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಸ್ನಾನ, ಊಟ, ಮಾತ್ರೆ, ಹಾಸಿಗೆ ಇವೆಲ್ಲ ಬೇಗ ಕೈಗೆ ಹತ್ತುತ್ತವೆ. ಜೊತೆಯಾಗಿ ಇರುವುದನ್ನು ಮಾತ್ರ ಪ್ರತಿ ಮನೆಯಲ್ಲೂ ಹೊಸದಾಗಿ ಕಲಿಯಬೇಕು.

ಈಗ ನಾನಿರುವ ಮನೆಯ ಅವ್ವನಿಗೆ ಮರೆವಿನ ಕಾಯಿಲೆ. ಹೊತ್ತು ಇಳಿಯುತ್ತಿದ್ದಂತೆ ಅವರಿಗೆ ತಳಮಳ ಶುರುವಾಗುತ್ತದೆ. ಇಳಕಲ್ ಸೀರೆಯ ಸೆರಗು ಹೊದ್ದು ಬಾಗಿಲಿಗೆ ಬಂದು, "ನಡಿ ಯವ್ವಾ, ಮನೆಗೆ ಹೋಗೋಣ, ದೀಪ ಹಚ್ಚುವ ಹೊತ್ತಾಯಿತು" ಎನ್ನುತ್ತಾರೆ. ಅವರ ಮನೆ ಇದ್ದದ್ದು ಹಳೆ ಊರಿನ ತಗ್ಗಿನ ಓಣಿಯಲ್ಲಿ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಘಟಪ್ರಭೆಯುದ್ದಕ್ಕೂ ಏರಿ ಬಂದು ಅಂಥ ಎಷ್ಟೋ ಓಣಿಗಳನ್ನು ನುಂಗಿತು. ಅಲ್ಲಿಯವರಿಗಾಗಿ ಕಟ್ಟಿದ ಊರೇ ಈ ನವನಗರ.

"ಆ ಮನೆ ಮುಳುಗಡೆಯಾಯಿತಲ್ಲ ಅವ್ವಾ" ಎಂದು ಮಗ ತಿಳಿಸಿ ಹೇಳುತ್ತಿದ್ದರು. ಅವ್ವನಿಗೆ ಅದು ದಿನವೂ ಹೊಸ ಸುದ್ದಿ. ಎದೆ ಬಡಿದುಕೊಂಡು ಅಳುತ್ತಿದ್ದರು. ಹಾಗೆಂದು "ನಾಳೆ ಹೋಗೋಣ" ಎಂದು ಸುಳ್ಳು ಹೇಳಲು ನನಗೆ ಮನಸ್ಸು ಒಪ್ಪುವುದಿಲ್ಲ. ನಾನು ಅವರ ಕೈ ಹಿಡಿದು ಕೂರಿಸಿ, ಎದುರಿಗೆ ಅವರ ಕಣ್ಣಿನ ಮಟ್ಟಕ್ಕೆ ಕುಳಿತು ಕೇಳುತ್ತೇನೆ: "ನಿಮ್ಮ ಮನೆಯಲ್ಲಿ ಒಲೆ ಯಾವ ಕಡೆಗಿತ್ತು ಅವ್ವಾ?" ಅಲ್ಲಿಂದ ಮನೆ ತೆರೆದುಕೊಳ್ಳುತ್ತದೆ. ಪಡಸಾಲೆ, ಬೆಳಕಿಂಡಿ, ಎಮ್ಮೆ ಕಟ್ಟುತ್ತಿದ್ದ ಗೂಟ, ಹೋಳಿಯಲ್ಲಿ ಬಣ್ಣದ ಬಂಡಿ ಬಂದಾಗ ತಾವು ಅಡಗಿ ನಿಲ್ಲುತ್ತಿದ್ದ ಬಾಗಿಲ ಸಂದು. ಹೋಳಿಯಲ್ಲಿ ಬಾರಿಸುವ ಹಲಗೆ ವಾದ್ಯದ ಪೆಟ್ಟನ್ನು ಬೆರಳಿನಿಂದ ಮಂಚದ ಮೇಲೆ ಬಾರಿಸಿ ತೋರಿಸುತ್ತಾರೆ. ಮಗ ಕೂಡ ಒಂದು ಸಂಜೆ ಹೀಗೆ ಪಕ್ಕದಲ್ಲಿ ಕುಳಿತರು. ಅವರು ಹುಟ್ಟುವ ಮೊದಲಿನ ಸಂಗತಿಗಳೆಲ್ಲ ಹೊರಬಂದವು. ಈಗ ಕೇಳುವ ಕೆಲಸವನ್ನು ಹೆಚ್ಚಾಗಿ ಅವರೇ ಮಾಡುತ್ತಾರೆ.

ಮಾತು ಬೇಡವಾದ ದಿನಗಳೂ ಇರುತ್ತವೆ. ಆಗ ಮೊರದಲ್ಲಿ ಒಂದಿಷ್ಟು ಜೋಳ ಹಾಕಿ ಅವ್ವನ ಮುಂದಿಡುತ್ತೇನೆ. ಹೆಸರು ಮರೆತ ಅವರ ಬೆರಳುಗಳು ಹರಳನ್ನು ಮರೆತಿಲ್ಲ. ಕಾಳಿನ ನಡುವೆ ಅಡಗಿದ ಸಣ್ಣ ಕಲ್ಲನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಸರಿಸುತ್ತ, ನಾನು ಕೇರುವುದನ್ನು ನೋಡಿ "ಮಣಿಕಟ್ಟು ಸಡಿಲ ಬಿಡು" ಎಂದು ಗದರುತ್ತಾರೆ. ಈ ವಯಸ್ಸಿನಲ್ಲಿ ತಾಯಿಗೆ ಕೆಲಸ ಹಚ್ಚುವುದೇ ಎಂದು ಸೊಸೆ ಹಿಂಜರಿದಿದ್ದರು. ನಾನು ಗಟ್ಟಿಯಾಗಿ ಹೇಳಿದೆ: ಎಲ್ಲವನ್ನೂ ನಾವೇ ಮಾಡಿ ಮುಗಿಸಿದರೆ ಅವರು ಈ ಮನೆಗೆ ಅತಿಥಿಯಾಗಿಬಿಡುತ್ತಾರೆ. ಅತಿಥಿಗೆ ಸಂಜೆಯಾದರೆ ತನ್ನ ಮನೆ ನೆನಪಾಗದೆ ಇರುತ್ತದೆಯೇ?

ಕತ್ತಲಾಗುವ ಮೊದಲೇ ದೀಪಗಳನ್ನೆಲ್ಲ ಹಾಕುತ್ತೇನೆ, ಟಿವಿ ಆರಿಸುತ್ತೇನೆ. ಗೋಡೆಯ ಮೇಲಿನ ನೆರಳೂ ಇಂಥವರನ್ನು ಬೆದರಿಸುತ್ತದೆ.

ಇನ್ನೊಂದು ವಿಷಯವನ್ನು ಈ ಕೆಲಸಕ್ಕೆ ಬರುವ ಪ್ರತಿಯೊಬ್ಬರಿಗೂ ಹೇಳುತ್ತೇನೆ. ತಳಮಳ ಒಂದೆರಡು ದಿನಗಳಲ್ಲೇ ಇದ್ದಕ್ಕಿದ್ದಂತೆ ಹೆಚ್ಚಿದರೆ ಅದನ್ನು ಮರೆವಿನ ಲೆಕ್ಕಕ್ಕೆ ಹಾಕಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಹೇಳಲಾಗದ ನೋವು, ನಮ್ಮ ಕಡೆಯ ಬೇಸಿಗೆಯಲ್ಲಿ ಮೈಯ ನೀರು ಆರುವುದು, ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ಅಂದೇ ಮನೆಯವರಿಗೆ ತಿಳಿಸಿ ವೈದ್ಯರಿಗೆ ತೋರಿಸಬೇಕು. ಹೊಸ ಮಾತ್ರೆ ಏನಾದರೂ ಶುರುವಾಗಿದ್ದರೆ ಅದರ ಚೀಟಿಯನ್ನೂ ಜೊತೆಗೆ ಒಯ್ಯಬೇಕು.