ಬೆಳದಿಂಗಳಲ್ಲೂ ನೀಹಾರಿಕೆಯ ಫೋಟೊ ತೆಗೆಯಿರಿ

ಮಂಗಳೂರು, ಉಡುಪಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಅದರ ಹಿಂದೆಮುಂದೆ ಮೋಡ. ಆಕಾಶ ತಿಳಿಯಾಗುವ ಕೆಲವೇ ತಿಂಗಳಲ್ಲಿ ಬೆಳದಿಂಗಳ ರಾತ್ರಿಗಳನ್ನೂ ಬಿಟ್ಟುಬಿಟ್ಟರೆ ಏನು ಉಳಿಯಿತು? ಸರಿಯಾದ ಫಿಲ್ಟರ್ ಇದ್ದರೆ ಬಿಡಬೇಕಾಗಿಲ್ಲ.

ಮೊದಲು, ಯಾವುದರ ಫೋಟೊ ಎಂದು ತೀರ್ಮಾನಿಸಿ. ಬೆಳದಿಂಗಳು ಎಂದರೆ ಚಂದ್ರನಿಗೆ ತಾಗಿ ಬಂದ ಬಿಸಿಲು. ಅದರಲ್ಲಿ ಎಲ್ಲ ಬಣ್ಣವೂ ಇದೆ. ರೋಸೆಟ್‌ನಂಥ ನೀಹಾರಿಕೆ ಹಾಗಲ್ಲ, ಅದು ತಾನೇ ಹೊಳೆಯುವ ಅನಿಲ. ಅದರ ಹೈಡ್ರೋಜನ್ 656.3 ನ್ಯಾನೊಮೀಟರ್‌ನಲ್ಲಿ ಕೆಂಪಗೆ, ಆಮ್ಲಜನಕ 500.7ರಲ್ಲಿ ಹಸಿರು-ನೀಲಿಯಾಗಿ ಬೆಳಗುತ್ತದೆ. ಫಿಲ್ಟರ್ ಆ ಕಿರಿದಾದ ಪಟ್ಟಿಯನ್ನಷ್ಟೇ ಒಳಗೆ ಬಿಡುತ್ತದೆ. ಕೃತ್ತಿಕೆಯ ಸುತ್ತಲಿನ ನೀಲಿ ಮಾತ್ರ ನಕ್ಷತ್ರದ ಬೆಳಕಿಗೆ ಹೊಳೆಯುವ ಧೂಳು. ಅದಕ್ಕೂ ಗ್ಯಾಲಕ್ಸಿಗಳಿಗೂ ಅಮಾವಾಸ್ಯೆಯೇ ಬೇಕು.

ಫಿಲ್ಟರ್ ಯಾವುದು? ಬಣ್ಣದ ಕ್ಯಾಮೆರಾಕ್ಕೆ ಎರಡೂ ಪಟ್ಟಿ ಬಿಡುವ ಡ್ಯುಯಲ್-ಬ್ಯಾಂಡ್, ಮೊನೊ (ಕಪ್ಪು-ಬಿಳುಪು) ಕ್ಯಾಮೆರಾಕ್ಕೆ ಹೈಡ್ರೋಜನ್-ಆಲ್ಫಾ, ಅಂದರೆ ಹೈಡ್ರೋಜನ್‌ನ ಆ ಕೆಂಪು ಪಟ್ಟಿಯನ್ನಷ್ಟೇ ಬಿಡುವಂಥದ್ದು. ಹುಣ್ಣಿಮೆಯ ಹೊತ್ತಿಗೆ ಆಲ್ಫಾವೇ ಮೇಲು. ನಮ್ಮ ಗಾಳಿ ನೀಲಿ ಬೆಳಕನ್ನು ಜಾಸ್ತಿ ಚದುರಿಸುವುದರಿಂದ ಆಮ್ಲಜನಕದ ಪಟ್ಟಿಯಲ್ಲಿ ಚಂದ್ರನ ಕಾಟ ಹೆಚ್ಚು. ಆಮ್ಲಜನಕವನ್ನು ಚಂದ್ರ ಮುಳುಗಿದ ಮೇಲೆ ತೆಗೆಯಿರಿ. ಇನ್ನೊಂದು ಮಾತು: ಸಾಮಾನ್ಯ ಡಿಎಸ್‌ಎಲ್‌ಆರ್‌ನ ಒಳಗಿರುವ ಫಿಲ್ಟರೇ ಹೈಡ್ರೋಜನ್‌ನ ಆ ಕೆಂಪನ್ನು ಬಹುಪಾಲು ತಡೆಯುತ್ತದೆ. ಅದನ್ನು ತೆಗೆಸಿದ ಕ್ಯಾಮೆರಾ ಸಿಕ್ಕರೆ ಅದನ್ನೇ ಬಳಸಿ.

ಇನ್ನು ಚಂದ್ರನಿಂದ ದೂರ. ಕನಿಷ್ಠ 50–60 ಡಿಗ್ರಿ ಇರಲಿ. ಇದಕ್ಕೆ ಆ್ಯಪ್ ಹುಡುಕಬೇಕಾಗಿಲ್ಲ, ಗೋಡೆಯ ಮೇಲಿನ ಪಂಚಾಂಗವೇ ಸಾಕು. ದಿನದ ನಕ್ಷತ್ರ ಎಂದರೆ ಆ ದಿನ ಚಂದ್ರ ಇರುವ ಜಾಗವೇ ಅಲ್ವಾ? ಒಂದೊಂದು ನಕ್ಷತ್ರಕ್ಕೆ 13 ಡಿಗ್ರಿ 20 ನಿಮಿಷ. ನಿಮ್ಮ ನೀಹಾರಿಕೆಯಿಂದ ಚಂದ್ರ ನಾಲ್ಕೈದು ನಕ್ಷತ್ರ ಆಚೆ ಇದ್ದರೆ ಧೈರ್ಯವಾಗಿ ಹೊರಡಿ. ರೋಸೆಟ್ ಇರುವುದು ಆರ್ದ್ರಾದಿಂದ ಸುಮಾರು 10 ಡಿಗ್ರಿ ಪೂರ್ವಕ್ಕೆ. ಮಾರ್ಗಶಿರ ಹುಣ್ಣಿಮೆಗೆ ಚಂದ್ರ ಮೃಗಶಿರದ ಹತ್ತಿರವೇ ಇರುತ್ತಾನೆ, ಆಗ ಬೇಡ. ಸಂಜೆಯೇ ಉತ್ತರಕ್ಕೆ ತಿರುಗಿ ಕ್ಯಾಸಿಯೋಪಿಯಾದ ಪ್ಯಾಕ್‌ಮನ್ ನೀಹಾರಿಕೆ ಹಿಡಿಯಿರಿ. ಮಾಘ ಹುಣ್ಣಿಮೆಗೆ ಚಂದ್ರ ಮಖಾದ ಕಡೆ ಸರಿದಿರುತ್ತಾನೆ, ರೋಸೆಟ್ ಸಂಜೆಗೇ ಎತ್ತರದಲ್ಲಿರುತ್ತದೆ. ಆ ರಾತ್ರಿ ಬಿಡಲೇಬೇಡಿ.

ನಕ್ಷತ್ರಗಳ ಜೊತೆ ಕ್ಯಾಮೆರಾ ತಿರುಗಿಸುವ ಟ್ರ್ಯಾಕಿಂಗ್ ಮೌಂಟನ್ನು ಧ್ರುವದ ಕಡೆಗೆ ಹೊಂದಿಸುವುದೇ ಕರಾವಳಿಯಲ್ಲಿ ಕಷ್ಟದ ಕೆಲಸ. ಧ್ರುವ ನಕ್ಷತ್ರ ಇಲ್ಲಿ ಬರೀ 13 ಡಿಗ್ರಿ ಮೇಲಿದೆ. ತೆಂಗಿನ ಮರದ ಹಿಂದೆಯೋ ದಿಗಂತದ ಮಬ್ಬಿನಲ್ಲೋ ಅಡಗಿರುತ್ತದೆ. ಎನ್‌ಐಎನ್‌ಎ ಎಂಬ, ಕ್ಯಾಮೆರಾ-ಮೌಂಟ್ ನಡೆಸುವ ಕಂಪ್ಯೂಟರ್ ತಂತ್ರಾಂಶಕ್ಕೆ ಸಿಗುವ ‘ತ್ರೀ ಪಾಯಿಂಟ್ ಪೋಲಾರ್ ಅಲೈನ್‌ಮೆಂಟ್’ ಪ್ಲಗಿನ್ ಹಾಕಿಕೊಳ್ಳಿ. ಆಕಾಶದ ಮೂರು ಕಡೆ ಫೋಟೊ ತೆಗೆದು ಅದು ಲೆಕ್ಕ ಹಾಕುತ್ತದೆ, ಧ್ರುವ ಕಾಣಬೇಕೆಂದಿಲ್ಲ.

ಫಿಲ್ಟರ್ ಹಾಕಿದ ಮೇಲೆಯೇ ಫೋಕಸ್ ಮಾಡಿ, ಹಾಕಿದರೆ ಫೋಕಸ್ ಸರಿಯುತ್ತದೆ. ಸಿರಿಯಸ್‌ನಂಥ ಹೊಳೆಯುವ ನಕ್ಷತ್ರಕ್ಕೆ ಬಾಹ್ಟಿನೋವ್ ಮಾಸ್ಕ್ (ಲೆನ್ಸ್ ಮುಂದೆ ಇಡುವ ಸೀಳುಗಳಿರುವ ತಟ್ಟೆ) ಹಿಡಿದರೆ ಮೂರು ಗೆರೆ ಕಾಣುತ್ತವೆ. ನಡುವಿನ ಗೆರೆ ಉಳಿದೆರಡರ ಸರಿ ಮಧ್ಯಕ್ಕೆ ಬರಬೇಕು.

ಗೈಡಿಂಗ್ (ಇನ್ನೊಂದು ಪುಟ್ಟ ಕ್ಯಾಮೆರಾ ನಕ್ಷತ್ರ ನೋಡುತ್ತ ಮೌಂಟನ್ನು ತಿದ್ದುವುದು) ಇದ್ದರೆ ಒಂದೊಂದು ಫೋಟೊಗೆ 3ರಿಂದ 5 ನಿಮಿಷ, ಇಲ್ಲದಿದ್ದರೆ 135 ಎಂಎಂ ಲೆನ್ಸ್‌ನಲ್ಲಿ 1 ನಿಮಿಷ. ಒಟ್ಟು 3–4 ಗಂಟೆ ಸೇರಲಿ. ನಮ್ಮ ತೇವದ ಗಾಳಿಗೆ ಲೆನ್ಸ್ ಮೇಲೆ ಇಬ್ಬನಿ ಕೂರುತ್ತದೆ, ಹೀಟರ್ ಪಟ್ಟಿ ಮೊದಲೇ ಸುತ್ತಿ. ಉದ್ದದ ಹುಡ್ ಇದ್ದರೆ ಪಕ್ಕದಿಂದ ಬೀಳುವ ಬೆಳದಿಂಗಳೂ ತಡೆಯುತ್ತದೆ.

ಮುಗಿದ ಮೇಲೆ ಫಿಲ್ಟರ್ ತೆಗೆಯಬೇಡಿ, ಫೋಕಸ್ ಮುಟ್ಟಬೇಡಿ. ಬೆಳಕು ಹರಿಯುತ್ತಿದ್ದಂತೆ ಲೆನ್ಸ್ ಬಾಯಿಗೆ ಬಿಳಿ ಪಂಚೆಯ ತುಂಡನ್ನು ಸುಕ್ಕಿಲ್ಲದಂತೆ ಕಟ್ಟಿ 20–30 ಫ್ಲಾಟ್ (ಧೂಳಿನ ಕಲೆ, ಅಂಚಿನ ಮಸುಕು ಕಳೆಯಲು ಬೇಕಾದ ಬರೀ ಬೆಳಕಿನ ಫೋಟೊ) ತೆಗೆಯಿರಿ. ಎಲ್ಲವನ್ನೂ ಸಿರಿಲ್ ತಂತ್ರಾಂಶದಲ್ಲಿ ಸೇರಿಸಿ. ಚಿತ್ರದ ಒಂದು ಬದಿ ಬೆಳ್ಳಗೆ ಕಂಡರೆ ಗಾಬರಿ ಬೇಡ, ಅದು ಚಂದ್ರನ ಬೆಳಕು. ‘ಬ್ಯಾಕ್‌ಗ್ರೌಂಡ್ ಎಕ್ಸ್‌ಟ್ರಾಕ್ಷನ್’ ಒತ್ತಿ, ಗುರುತಿನ ಚುಕ್ಕಿಗಳು ನೀಹಾರಿಕೆಯ ಮೇಲೆ ಬೀಳದಂತೆ ನೋಡಿಕೊಂಡರೆ ಅದೂ ಹೋಗುತ್ತದೆ.