ಮಗ ಬೇಗ ಮಲಗಲಿ ಅಂತ ತಡವಾಗಿ ಮಲಗಿಸಿದೆ

"ಮಗೂನ 11:45ರವರೆಗೂ ಎಚ್ಚರ ಕೂರಿಸ್ತೀಯಲ್ಲೇ, ತಲೆ ಸರಿ ಇದ್ಯಾ ನಿಂಗೆ?" ಅಂದರು ಅತ್ತೆ. ಥೆರಪಿ ಸೆಂಟರಿನ ಬೆಂಚಿನಲ್ಲಿ ಜೊತೆಗೆ ಕೂರುವ ಅಮ್ಮಂದಿರೂ ನಕ್ಕಿದ್ದರು. ಈಗ ಅವರೇ ಫೋನ್ ಮಾಡಿ, ಮಗನ ನಿದ್ದೆ ಹೇಗೆ ಸರಿಮಾಡಿದೆ ಅಂತ ಕೇಳ್ತಾರೆ. ಅದಕ್ಕೇ ಬರೀತಿದ್ದೀನಿ.

ಮಗನಿಗೆ 7 ವರ್ಷ, ಆಟಿಸಂ. 9ಕ್ಕೆ ದೀಪ ಆರಿಸಿದರೆ 11:30ರವರೆಗೂ ಗೋಡೆಗೆ ಹಿಮ್ಮಡಿ ಬಡಿಯೋದು. ಧಪ್, ಧಪ್. ಸುಣ್ಣ ಉದುರಿ ಅಲ್ಲಿ ತಟ್ಟೆಯಗಲ ಇಟ್ಟಿಗೆ ಕಾಣ್ತಿದೆ. ಡಾಕ್ಟರ್ ಮೆಲಟೋನಿನ್ ಬರೆದುಕೊಟ್ಟರು. ನಿದ್ದೆ ಬೇಗ ಬಂತು, ಆದರೆ 3 ಗಂಟೆಗೆ ಎದ್ದು ನಗ್ತಾ ಕೂರ್ತಿದ್ದ. ಮೈಮೇಲೆ ಭಾರವಿದ್ದರೆ ನಿದ್ದೆ ಬರಬಹುದು ಅಂತ ಭಾರದ ಹೊದಿಕೆಗೆ ₹4,500 ಸುರಿದೆ. ಎರಡನೇ ರಾತ್ರಿಯೇ ಅದು ಮಂಚದ ಕೆಳಗೆ. ಸೋಲೊಪ್ಪದೆ ಹಳೇ ಕೌದಿಗೆ ಹುರುಳಿ ತುಂಬಿ ಹೊಲಿದೆ, ಹುಳ ಬಿತ್ತು. 2014ರಲ್ಲೇ ಬ್ರಿಟನ್ನಿನಲ್ಲಿ ಆಟಿಸಂ ಮಕ್ಕಳಿಗೆ ಇಂಥ ಹೊದಿಕೆ ಕೊಟ್ಟು ನೋಡಿದ್ದರಂತೆ, ನಿದ್ದೆ ಹೆಚ್ಚಲಿಲ್ಲವಂತೆ. ದುಡ್ಡು ಹೋದಮೇಲೆ ಓದಿದೆ.

ಕೊನೆಗೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಎರಡು ವಾರ ಅವನ ನಿದ್ದೆಯ ಲೆಕ್ಕ ಬರೆದೆ. ಸುಮಾರು 11:30ಕ್ಕೆ ಕಣ್ಣು ಮುಚ್ಚುತ್ತಿದ್ದ. ಸರಿ, 11:45ಕ್ಕೇ ಹಾಸಿಗೆ, ಬೆಳಿಗ್ಗೆ 6:30ಕ್ಕೆ ಏಳಲೇಬೇಕು, ಭಾನುವಾರವೂ. ಐದಾರು ದಿನಕ್ಕೆ ಮಲಗಿದ ಹತ್ತು ನಿಮಿಷದಲ್ಲಿ ನಿದ್ದೆ. ಆಮೇಲೆ ಮೂರು ರಾತ್ರಿಗೊಮ್ಮೆ 15 ನಿಮಿಷ ಬೇಗ ಮಲಗಿಸೋದು. ಹೊರಳಾಟ ಅರ್ಧ ಗಂಟೆ ದಾಟಿದರೆ ಒಂದು ಮೆಟ್ಟಿಲು ವಾಪಸ್.

10:30ಕ್ಕೆ ಬಂದು ಸಿಕ್ಕಿಹಾಕಿಕೊಂಡೆವು. ಎರಡು ವಾರ ತಲೆ ಕೆರೆದುಕೊಂಡೆ. ಒಂದು ದಿನ ಸ್ಕೂಲ್ ವ್ಯಾನ್ ಬಂದಾಗ ನೋಡಿದರೆ ಕೆನ್ನೆ ಮೇಲೆ ಸೀಟಿನ ಗೆರೆಗಳು! ಸಂಜೆ 4ಕ್ಕೆ ಇಪ್ಪತ್ತು ನಿಮಿಷ ಗಡದ್ದಾಗಿ ಮಲಗಿ ಬರ್ತಿದ್ದಾನೆ. ವ್ಯಾನ್ ಬಿಡಿಸಿ ಆಟೋ ಮಾಡಿದೆ, ತಿಂಗಳಿಗೆ ₹1,800 ಜಾಸ್ತಿ. ಎರಡು ತಿಂಗಳು ಮುಗಿಯುವಷ್ಟರಲ್ಲಿ 9:30ಕ್ಕೆ ಬಂದೆವು.

ಕಾಲು ಬಡಿಯೋದರ ಕಥೆ ಬೇರೆ. ಡಾಕ್ಟರ್ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ) ರಕ್ತ ಪರೀಕ್ಷೆ ಮಾಡಿಸಿದರು, 14ರ ಆಸುಪಾಸು. ಕಾಲು ಚಡಪಡಿಸುವ ಮಕ್ಕಳಿಗೆ 50 ದಾಟಬೇಕಂತೆ. ಅವರು ಕೊಟ್ಟ ಕಬ್ಬಿಣದ ಸಿರಪ್ಪಿಗೆ ಮೂರು ತಿಂಗಳಲ್ಲಿ ಧಪ್ ಧಪ್ ಹೆಚ್ಚುಕಡಿಮೆ ನಿಂತಿತು. ನಮ್ಮವರು ಪೂರ್ತಿ ಹೆಸರು ಸಿರಪ್ಪಿಗೇ ಕೊಡ್ತಾರೆ. ರಾತ್ರಿ 11:45ರವರೆಗೆ ಅವನ ಜೊತೆ ಬ್ಲಾಕ್ಸ್ ಜೋಡಿಸಿದ್ದು ನಾನು.

ಕರೆಂಟು ಹೋದರೆ ಫ್ಯಾನ್ ಸದ್ದಿಲ್ಲದೆ ಏಳ್ತಿದ್ದ. ಸದ್ದನ್ನು ಮೊಬೈಲಿನಲ್ಲಿ ಹಿಡಿದು ಹಾಕಿದೆ, ಮೊಬೈಲ್ ಎಸೆದ. ಇನ್ವರ್ಟರ್ ಬಂತು. 9:15ರಿಂದ 9:30ರವರೆಗೆ ಏನು ಮಾಡ್ತೀನಿ ಅಂತ ಮಾತ್ರ ಕೇಳಬೇಡಿ, ಅದು ನಮ್ಮಿಬ್ಬರದು.

ಕಳೆದ ವಾರ ಜ್ವರ ಬಂದು ಎಲ್ಲ ಕೆಟ್ಟಿತು. ಈಗ ಮತ್ತೆ 10:15ರಿಂದ ಇಳಿಸ್ತಿದ್ದೀನಿ.