ಬೊಕೆ ಆರಿಸುವ ಮುನ್ನ ಸೀರೆ ನೋಡಿ

ಧಾರೆಗೆ ಹಾರ, ಸಂಜೆಯ ರಿಸೆಪ್ಷನ್ನಿಗೆ ಬೊಕೆ. ಶಿವಮೊಗ್ಗದ ಛತ್ರಗಳಲ್ಲಿ ಈಗ ಇದೂ ಕಾಣುತ್ತದೆ. ಹಾರ ಹೇಗೂ ಕೊರಳಲ್ಲಿರುತ್ತದೆ, ಬೊಕೆಯನ್ನು ಮಾತ್ರ ಮದುಮಗಳೇ ಹೊರಬೇಕು. ತೀರ್ಥಹಳ್ಳಿಯಲ್ಲಿ ನನ್ನ ಚಿಕ್ಕಮ್ಮನ ಮಗಳು ಮೊಬೈಲಿನಲ್ಲಿ ಚಿತ್ರ ನೋಡಿ ಮಾಡಿಸಿದ ಬೊಕೆ ಹತ್ತೇ ನಿಮಿಷಕ್ಕೆ ಕುರ್ಚಿ ಸೇರಿತು. ಆಮೇಲೆ ಯಾರೋ ಅದರ ಮೇಲೆ ಮುಯ್ಯಿ ಕವರು ಪೇರಿಸಿದರು.

ಮೊದಲು ಸೀರೆ ಉಟ್ಟು ಕನ್ನಡಿ ಮುಂದೆ ನಿಲ್ಲಿ. ಜಲಪಾತದ ಹಾಗೆ ಕೆಳಕ್ಕೆ ಇಳಿಯುವ ‘ಕ್ಯಾಸ್ಕೇಡ್’ ಬೊಕೆ ಚಂದವೇ. 1981ರಲ್ಲಿ ಬ್ರಿಟನ್ನಿನ ರಾಜಕುಮಾರಿ ಡಯಾನಾ ತಮ್ಮ ಮದುವೆಯಲ್ಲಿ ಹಿಡಿದದ್ದು ಅದನ್ನೇ. ಚರ್ಚ್ ಮದುವೆಯ ಬಿಳಿ ಗೌನಿಗೆ ಅದು ಒಪ್ಪುತ್ತದೆ. ಆದರೆ ರೇಷ್ಮೆ ಸೀರೆಯ ನೆರಿಗೆಯನ್ನೆಲ್ಲ ಮುಚ್ಚಿಬಿಡುತ್ತದೆ, ಸಾವಿರಾರು ಕೊಟ್ಟ ಜರಿ ಫೋಟೊದಲ್ಲಿ ಕಾಣುವುದೇ ಇಲ್ಲ. ಉದ್ದ ದಂಟಿನ, ತೋಳಿಗೆ ಒರಗಿಸಿಕೊಳ್ಳುವ ಬೊಕೆಗೆ ಬೇರೆ ತೊಡಕು: ಅಜ್ಜಿ ಬಂದರೆ ಕಾಲಿಗೆ ಬೀಳಬೇಕಲ್ಲ! ಸೀರೆಗೆ ಗುಂಡು ಬೊಕೆಯೇ ಸರಿ. ಒಂದು ಮುಷ್ಟಿಯಲ್ಲಿ ಹಿಡಿಯಬಹುದು, ಪಕ್ಕದವರ ಕೈಗೂ ಸುಲಭವಾಗಿ ದಾಟಿಸಬಹುದು.

ಇನ್ನು ಹೂ. ಮಲೆನಾಡಿನ ಮನೆಯಂಗಳದ ಡೇರೆ ಹೂ (ಡೇಲಿಯಾ) ಮಳೆಗಾಲದ್ದು, ವೈಶಾಖದ ಮದುವೆಗೆ ಅದನ್ನು ಕೇಳಬೇಡಿ. ಆಂಥೂರಿಯಂ ಗಟ್ಟಿ ಹೂ, ನೀರಿಲ್ಲದೆಯೂ ಸಂಜೆಯಿಡೀ ತಡೆಯುತ್ತದೆ. ಆದರೆ ಫ್ರಿಜ್ಜಿನಲ್ಲಿಟ್ಟರೆ ಕಪ್ಪಾಗುತ್ತದೆ. ಜರ್ಬೆರಾದ ಕತ್ತು ಬಾಗುತ್ತದೆ, ಸಣ್ಣ ತಂತಿ ಸುತ್ತಿಸಿ. ಲಿಲ್ಲಿ ಇದ್ದರೆ ಅದರ ಪರಾಗದ ತುದಿಗಳನ್ನು ಮೊದಲೇ ಕಿತ್ತುಹಾಕಲು ಹೇಳಿ. ರೇಷ್ಮೆಗೆ ತಾಗಿದ ಕಲೆ ಸುಲಭಕ್ಕೆ ಬಿಡದು. ಕಾಡಿನ ಮರಗಳ ಮೇಲೆ ಅರಳುವ ಆರ್ಕಿಡ್ ಸೀತಾಳೆ ದಂಡೆ, ಅದು ಮರದಲ್ಲೇ ಇರಲಿ.

ನನ್ನನ್ನು ಕೇಳಿದರೆ ಹಿಂಗಾರ, ಅಂದರೆ ಅಡಿಕೆಯ ಹೂಗೊನೆ. ಬೇಸಿಗೆಯ ಮದುವೆಯಾದರೆ ಮನೆಯ ಅಡಿಕೆ ತೋಟದಲ್ಲೇ ಸಿಗುತ್ತದೆ. ಹಾಳೆ ಬಿಡಿಸಿದ ಕೂಡಲೇ ಹೊರಬರುವ ಆ ಕೆನೆಬಣ್ಣದ ಎಸಳುಗಳಲ್ಲಿ ನಾಲ್ಕೈದನ್ನು ಕೆಂಪು ಗುಲಾಬಿಯ ನಡುವೆ ಸಿಕ್ಕಿಸಿದರೆ ಬೊಕೆ ನಮ್ಮೂರಿನದೇ ಆಗುತ್ತದೆ. ಕಟ್ಟುವ ಮುಂಚೆ ಚೆನ್ನಾಗಿ ಕೊಡವಿ, ಪುಟ್ಟ ಹೂಗಳು ಉದುರುತ್ತಲೇ ಇರುತ್ತವೆ. ಒಂದು ಗೊನೆ ಹೋಯಿತೆಂದು ಭಾವ ಗೊಣಗಬಹುದು, ಗೊಣಗಲಿ.

ಆರ್ಡರ್ ಕೊಡುವಾಗ ಅಂಗಡಿಯವರಿಗೆ ಹೇಳಬೇಕಾದ್ದು ಇಷ್ಟೇ: ಹೂ 12ರಿಂದ 15, ಹಿಡಿಕೆ 6-7 ಇಂಚು, ಮುಳ್ಳು ಪೂರ್ತಿ ತೆಗೆದಿರಬೇಕು. ಬಣ್ಣ ತೋರಿಸಲು ಬ್ಲೌಸಿನ ತುಂಡು ಒಯ್ಯಿರಿ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕಟ್ಟಿಸಿ ತೀರ್ಥಹಳ್ಳಿಗೆ ಒಯ್ಯುವುದಾದರೆ ದಾರಿ ಸುಮಾರು 60 ಕಿ.ಮೀ. ಬಕೆಟ್ಟಿನಲ್ಲಿ ನಾಲ್ಕು ಬೆರಳು ನೀರು ಹಾಕಿ ದಂಟು ಮುಳುಗಿಸಿಟ್ಟು, ಬಕೆಟ್ಟನ್ನು ಕಾರಿನ ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ, ಬಿಸಿಲು ತಾಗದ ಕಡೆ ಇಡಿ. ವೇದಿಕೆಗೆ ಹತ್ತುವ ಮುಂಚೆ ದಂಟನ್ನು ಬಟ್ಟೆಯಲ್ಲಿ ಒರೆಸಿ, ಆಮೇಲೆ ರಿಬ್ಬನ್ ಸುತ್ತಿ.